ಉಪ್ಪು, ಹುಳಿ, ಖಾರ, ತುಳಿ

ಹೋದ ತಿಂಗಳು ಎದುರಿನ ರೇಡಿಯೋ ರಿಪೇರಿಯವರು ತೀರಿಕೊಂಡು, ಹನ್ನೊಂದನೆಯ ದಿನದ ಕೆಲಸವೆಲ್ಲ ಮುಗಿದ ಮೇಲೆ ಅವರ ಸೊಸೆ ನಮ್ಮ ಮನೆಗೆ ಬಂದಳು. ಕೈಯಲ್ಲಿ ಒಂದು ಬಟ್ಟೆ ಗಂಟು.

"ಮಾವ ಮೊದ್ಲೇ ಹೇಳಿಟ್ಟಿದ್ರು ಆಂಟಿ, ಇದು ಟೀಚರಮ್ಮಂದು, ಅವ್ರಿಗೇ ಕೊಟ್ಬುಡಿ ಅಂತ. ಏನು ಅಂತ ನಮ್ಗೆ ತಿಳೀಲಿಲ್ಲ. ಒಗ್ಗರಣೆ ಡಬ್ಬಿ ಇದ್ದಂಗೈತೆ. ಆದ್ರೆ ಮುಚ್ಚಳದ ತುಂಬ ತೂತು ಹೊಡ್ದವ್ರೆ."

ಗಂಟು ಬಿಚ್ಚಿದೆ. ನಮ್ಮ ಅತ್ತೆಯ ಹಿತ್ತಾಳೆ ಒಗ್ಗರಣೆ ಡಬ್ಬಿ. ನಲವತ್ತು ವರ್ಷಕ್ಕೂ ಹಿಂದೆ ನಾನೇ ಅದನ್ನು ಅಡುಗೆಮನೆಯಿಂದ ಕದ್ದು, ಸೆರಗಿನೊಳಗೆ ಮುಚ್ಚಿಕೊಂಡು ರಸ್ತೆ ದಾಟಿಸಿದ್ದೆ. ಅದಕ್ಕೆ ಮೊದಲು ಒಳಗೆ ಸಾಸಿವೆ, ಜೀರಿಗೆ, ಮೆಂತ್ಯ ಇರುತ್ತಿದ್ದವು. ಈಗ ಎರಡು ಟ್ರಾನ್ಸಿಸ್ಟರು, ನಾಲ್ಕು ವೈರು, ಸೀಸದ ಬೆಸುಗೆ.

"ಇದು ಗಿಟಾರಿಗೆ ಒಗ್ಗರಣೆ ಹಾಕೋ ಡಬ್ಬಿ ಕಣಮ್ಮ," ಅಂದೆ.

ಆ ಹುಡುಗಿ ಪಾಪ, ನನ್ನನ್ನು ಒಂದು ಥರ ನೋಡಿ, "ಬಿಸಿನೀರು ಕುಡೀರಿ ಆಂಟಿ, ಸುಸ್ತಾದಂಗಿದ್ದೀರ" ಅಂದು ಹೊರಟುಹೋದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಮೊಮ್ಮಗಳು ಕಲಿಸಿ ಎರಡು ತಿಂಗಳಾಯಿತು. ಈ ಕತೆಗೆ ಮುಖ್ಯವಾಗಿ ಬೇಕಾದ ಮಾತು ‘ತುಳಿ’. ಅದನ್ನು ಒತ್ತಿದಾಗಲೆಲ್ಲ ಫೋನು ‘ತುಳಸಿ’ ಮಾಡಿಕೊಡುತ್ತದೆ. ಎಲ್ಲಾದರೂ ಒಂದು ತುಳಸಿ ನನ್ನ ಕಣ್ಣು ತಪ್ಪಿ ಉಳಿದಿದ್ದರೆ ಅದರ ಮೇಲೆ ಕಾಲಿಟ್ಟು ಓದಿಕೊಳ್ಳಿ.

ತಮಿಳುನಾಡು ಗಡಿಯ ಹೊಸೂರಿನಲ್ಲಿ ನಮ್ಮ ಮನೆಯ ಎದುರಿಗೆ ಹಿಟ್ಟಿನ ಗಿರಣಿ, ಗಿರಣಿಯ ಪಕ್ಕ ಅವರ ರೇಡಿಯೋ ರಿಪೇರಿ ಅಂಗಡಿ. ಬೋರ್ಡನ್ನು ಅವರೇ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬರೆದಿದ್ದರು, ಮೂರರಲ್ಲೂ ತಪ್ಪಿತ್ತು. ನಾನು ಆಗ ಕನ್ನಡ ಶಾಲೆಯಲ್ಲಿ ಟೀಚರು. ತಿದ್ದಿಕೊಡುತ್ತೇನೆ ಅಂದಾಗ ಅವರು ಒಪ್ಪಲಿಲ್ಲ. "ಇರ್ಲಿ ಬುಡಿ ಟೀಚರಮ್ಮ. ತಪ್ಪಿದ್ರೆ ನಿಂತು ಓದ್ತಾರೆ. ಸರಿಯಿದ್ರೆ ಮುಂದಕ್ ಹೋಗ್ತಾರೆ." ಬೀದಿಯವರೆಲ್ಲ ಅವರನ್ನು ರೇಡಿಯೋ ಅಣ್ಣ ಅನ್ನುತ್ತಿದ್ದರು. ಇಲ್ಲಿಯೂ ಅದೇ ಇರಲಿ.

ರೇಡಿಯೋ ಕೈಗೆ ಬಂದರೆ ಅವರು ಮೊದಲು ಬಿಚ್ಚುತ್ತಿರಲಿಲ್ಲ. ಕಿವಿಗಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು, ಡಾಕ್ಟರು ಎದೆ ನೋಡಿದಂತೆ. ನನ್ನ ಮದುವೆಗೆ ಬಂದ ಟ್ರಾನ್ಸಿಸ್ಟರು ರೇಡಿಯೋ ಒಂದು ದಿನ ಬರೀ ಗೊರಗೊರ ಅನ್ನತೊಡಗಿತು. ಕಿವಿಗಿಟ್ಟುಕೊಂಡು ಹೇಳಿದರು, "ಟೀಚರಮ್ಮ, ಒಳ್ಗೆ ಜಿರಳೆ ಸಂಸಾರ ಹೂಡೈತೆ. ಮೊಟ್ಟೆನೂ ಇಕ್ಕೈತೆ." ಬಿಚ್ಚಿದರೆ ಹಾಗೇ ಇತ್ತು. ಜಿರಳೆಯನ್ನು ಕೊಲ್ಲದೆ ಕಾಗದದಲ್ಲಿ ಎತ್ತಿ ಗಿರಣಿಯ ಕಡೆಗೆ ಬಿಟ್ಟರು. ಗಿರಣಿಯವನಿಗೂ ಅವರಿಗೂ ಮಾತಿರಲಿಲ್ಲ.

ಬ್ಯಾಟರಿಯಲ್ಲಿ ಕರೆಂಟು ಇದೆಯೇ ಇಲ್ಲವೇ ನೋಡಲು ಮೀಟರು ಇತ್ತು, ಆದರೆ ಅವರ ನಂಬಿಕೆ ನಾಲಿಗೆಯ ಮೇಲೆ. ಪಾಕೆಟ್ ರೇಡಿಯೋಗೆ ಹಾಕುವ ಚೌಕದ ಬ್ಯಾಟರಿಯ ಎರಡು ಗುಂಡಿಗಳನ್ನು ನಾಲಿಗೆಯ ತುದಿಗೆ ತಾಕಿಸಿ ತೀರ್ಪು ಕೊಡುತ್ತಿದ್ದರು. ಹೊಸದಾದರೆ "ಖಾರ." ಅರ್ಧ ಮುಗಿದಿದ್ದರೆ "ಹುಳಿ." ಮುಗಿಯಲು ಬಂದಿದ್ದರೆ "ಉಪ್ಪುಪ್ಪು." ಸತ್ತಿದ್ದರೆ "ಸಪ್ಪೆ, ಬಿಸಾಕಿ." ನಾನೂ ಒಂದು ದಿನ ಅವರು ನೋಡದಿದ್ದಾಗ ಹೊಸ ಬ್ಯಾಟರಿ ನೆಕ್ಕಿದೆ. ಆವತ್ತು ಮಧ್ಯಾಹ್ನ ಮೂರನೇ ಕ್ಲಾಸಿನ ಮಕ್ಕಳಿಗೆ ಕಾಗುಣಿತ ಹೇಳಿಕೊಡುವಾಗ ನನಗೇ ತೊದಲಿತು.

ಅವರ ಇನ್ನೊಂದು ವಿಷಯ ಅವರ ಕಾಲು. ಸ್ಕ್ರೂ ಡ್ರೈವರ್ ಆಗಲಿ, ಕಳಚಿದ ರೇಡಿಯೋದ ನಾಬ್ ಆಗಲಿ, ಕಾಲಿಗೆ ತಾಕಿತೋ, ತಕ್ಷಣ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಎಲ್ಲರೂ ಮಾಡುವುದೇ, ಆದರೆ ಅವರ ಅಂಗಡಿಯಲ್ಲಿ ನೆಲದ ತುಂಬ ಸಾಮಾನು. ಒಳಗಿಂದ ಬಾಗಿಲಿಗೆ ಬರುವಷ್ಟರಲ್ಲಿ ನಾಲ್ಕು ಸಲ ಬಗ್ಗಿ ಏಳುತ್ತಿದ್ದರು. ಅದಕ್ಕೇ ಕೊಕ್ಕರೆಯ ಹಾಗೆ ಕಾಲೆತ್ತಿ ಎತ್ತಿ ಇಡುವ ಅಭ್ಯಾಸ ಬಿದ್ದು, ರಸ್ತೆಯಲ್ಲೂ ಹಾಗೇ ನಡೆಯುತ್ತಿದ್ದರು.

ಇಂಥವರ ಅಂಗಡಿಯ ಮೇಲಿನ ರೂಮಿಗೆ ಸೆಲ್ವಂ ಬಾಡಿಗೆಗೆ ಬಂದ. ಎಂಬತ್ತರ ದಶಕ ಶುರುವಾಗಿದ್ದ ಕಾಲ. ಊರಿಗೆ ಒಂದರ ಹಿಂದೆ ಒಂದು ಫ್ಯಾಕ್ಟರಿ ಬರುತ್ತಿತ್ತು, ಶಿಫ್ಟಿನ ಸೈರನ್ನಿಗೆ ನಾವು ಅನ್ನಕ್ಕಿಡುತ್ತಿದ್ದೆವು. ಸೆಲ್ವಂ ತಿರುನೆಲ್ವೇಲಿ ಕಡೆಯವನು, ಅಂಥದೊಂದು ಫ್ಯಾಕ್ಟರಿಯಲ್ಲಿ ಕೆಲಸ. ಕನ್ನಡ ಒಂದಕ್ಷರ ಬಾರದು. ಅವನ ಹತ್ತಿರ ಒಂದು ಎಲೆಕ್ಟ್ರಿಕ್ ಗಿಟಾರ್ ಇತ್ತು. ಫ್ಯಾಕ್ಟರಿಯವರು ಕಟ್ಟಿಕೊಂಡಿದ್ದ ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಿದ್ದ. ಒಂದು ಸಂಜೆ ಮುಖ ಸಣ್ಣಗೆ ಮಾಡಿಕೊಂಡು ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದ. ನಾನು ರಾಗಿ ಬೀಸಿಸಲು ಹೋದವಳು ಅಲ್ಲೇ ನಿಂತೆ.

ವಿಷಯ ಇಷ್ಟು. ಆರ್ಕೆಸ್ಟ್ರಾದ ಮಾಸ್ಟರು ಅಕಾರ್ಡಿಯನ್ ಬಾರಿಸುವವರು. ಟ್ರಂಪೆಟ್ಟು, ಡ್ರಮ್ಮುಗಳ ಮಧ್ಯೆ ಸೆಲ್ವಂನ ಗಿಟಾರು ಟಿಂಗ್ ಟಿಂಗ್ ಅಂತ ಸೊಳ್ಳೆಯ ಹಾಗೆ ಕೇಳುತ್ತದೆ, ಆಯುಧಪೂಜೆಯ ಮುಂದಿನ ಭಾನುವಾರದ ಪ್ರೋಗ್ರಾಮೇ ಅವನಿಗೆ ಕೊನೆ, ಅಲ್ಲೂ ಕೇಳಿಸದಿದ್ದರೆ ಮನೆಗೆ ಹೋಗಬಹುದು ಎಂದಿದ್ದರು. ಮದ್ರಾಸಿನಲ್ಲಿ ಒಬ್ಬ ಗಿಟಾರಿನವನ ಕಾಲಬಳಿ ಒಂದು ಪೆಟ್ಟಿಗೆಯನ್ನು ಸೆಲ್ವಂ ನೋಡಿದ್ದನಂತೆ. ಕಾಲಲ್ಲಿ ಒತ್ತಿದರೆ ಗಿಟಾರು ಹರಿದ ಸ್ಪೀಕರಿನ ಹಾಗೆ ಗರ್ಜಿಸುತ್ತದೆ, ಇನ್ನೊಂದು ಸಲ ಒತ್ತಿದರೆ ಮೊದಲಿನಂತಾಗುತ್ತದೆ. ಅಂಥದು ಅಣ್ಣನಿಂದ ಆಗುತ್ತದೆಯೇ?

ಅಣ್ಣ ನನ್ನ ಕಡೆ ತಿರುಗಿದರು. "ಕೇಳಿದ್ರಾ ಟೀಚರಮ್ಮ. ಇಷ್ಟು ವರ್ಷ ಈ ಗೊರಗೊರ ಓಡ್ಸಾಕೆ ಕಣ್ಣು ಕಳ್ಕೊಂಡೆ. ಇವ್ನು ಅದನ್ನೇ ಕರ್ಕೊಂಬಾ ಅಂತವ್ನೆ." ಬೈದರೋ ನಕ್ಕರೋ ತಿಳಿಯಲಿಲ್ಲ. ಮಾರನೆಯ ದಿನ ನೋಡಿದರೆ ರಿಪೇರಿಗೆ ಬಂದ ರೇಡಿಯೋಗಳನ್ನೆಲ್ಲ ಮೂಲೆಗೆ ಜೋಡಿಸಿ ಪೆಟ್ಟಿಗೆ ಕೆಲಸಕ್ಕೆ ಕೂತಿದ್ದರು.

ಮೊದಲು ಪ್ಲಾಸ್ಟಿಕ್ ಸೋಪಿನ ಡಬ್ಬಿಯಲ್ಲಿ ಮಾಡಿದರು. ಶಬ್ದವೇನೋ ಬಂತು, ಜೊತೆಗೆ ಪಕ್ಕದ ಗಿರಣಿಯ ಮೋಟಾರಿನ ಸದ್ದೂ ಬಂತು. "ಗಿರಣಿಯೋನು ನನ್ ಡಬ್ಬಿಯೊಳ್ಗೂ ಬಂದ್ಬುಟ್ಟ," ಅಂದರು. ಅದನ್ನು ತಡೆಯಲು ಲೋಹದ ಡಬ್ಬಿ ಬೇಕು, ಅದೂ ಕಾಲಿಗೆ ಬಗ್ಗದಂಥದು. ಗಾಳಿಗೆ ಹೇಳಿದಂತೆ ಹೇಳಿದರು, "ಹಳೇ ಕಾಲದ ಗಟ್ಟಿ ಹಿತ್ತಾಳೆ ಡಬ್ಬಿ ಯಾರ ಮನೇಲಾದ್ರೂ ಇರ್ತದಾ ಅಂತ." ಯಾರ ಮನೆಯಲ್ಲಿ ಇದೆ ಅನ್ನುವುದು ಅವರಿಗೆ ಗೊತ್ತಿತ್ತು. ನಮ್ಮ ಅಡುಗೆಮನೆಯ ಕಿಟಕಿ ಅವರ ಅಂಗಡಿಗೆ ಎದುರು.

ಅತ್ತೆ ಡಬ್ಬಿ ಹುಡುಕಿದಾಗ ನಾನು ರೆಡಿಯಾಗಿದ್ದೆ. "ಕಲಾಯಿ ಹಾಕ್ಸಾಕೆ ಕೊಟ್ಟಿದ್ದೀನಿ ಅತ್ತೆ." ಒಳಗಿನ ಏಳು ಬಟ್ಟಲನ್ನು ಅಕ್ಕಿಯೊಳಗೆ ಹೂತಿಟ್ಟಿದ್ದೆ.

ಒತ್ತುವ ಸ್ವಿಚ್ಚನ್ನು ಅಣ್ಣ ಸೂಳಗಿರಿಯ ಲಾರಿ ಶೆಡ್ಡಿನಿಂದ ತಂದರು. ಆಗಿನ ಲಾರಿಗಳಲ್ಲಿ ಎದುರು ಗಾಡಿ ಬಂದಾಗ ಡ್ರೈವರು ಎಡಗಾಲಿನಲ್ಲಿ ಒತ್ತಿ ಲೈಟು ತಗ್ಗಿಸುತ್ತಿದ್ದನಲ್ಲ, ಆ ಸ್ವಿಚ್ಚು. ಮುಚ್ಚಳದ ನಡುವೆ ಅದನ್ನು ಕೂಡಿಸಿ, ಮೇಲೆ ಹಳೇ ರೇಡಿಯೋದ ಮೂರು ತಿರುಪು ಹಾಕಿದರು. ಒಂದು ಎಷ್ಟು ಜೋರಾಗಿ ಕೇಳಬೇಕು ಅನ್ನುವುದಕ್ಕೆ, ಒಂದು ಕೀರಲೋ ಗಡಸೋ ಅನ್ನುವುದಕ್ಕೆ, ಒಂದು ಎಷ್ಟು ಗೊರಗೊರ ಬೇಕು ಅನ್ನುವುದಕ್ಕೆ. ಹೆಸರು ಬರೆದುಕೊಡಿ ಅಂತ ನನ್ನ ಕೈಗೆ ಪೇಂಟು ಕೊಟ್ಟರು.

"ಏನಂತ ಬರೀಲಿ ಅಣ್ಣ?"

"ಒಗ್ಗರಣೆ ಡಬ್ಬಿ ಮೇಲೆ ಇನ್ನೇನು ಬರೀತೀರ. ಉಪ್ಪು, ಹುಳಿ, ಖಾರ."

ಹಾಗೇ ಬರೆದೆ. ಆ ಮೂರು ತಿರುಪಿನಲ್ಲಿ ಅವರು ಏನೇನು ತೆಗೆದರು ಅಂತೀರಿ. ಖಾರ ಸ್ವಲ್ಪ, ಹುಳಿ ಜಾಸ್ತಿ ಇಟ್ಟರೆ ಗಿಟಾರು ನಾಗಸ್ವರದಂತೆ ಮೂಗಿನಲ್ಲಿ ಹಾಡುತ್ತಿತ್ತು. ಹುಳಿ ಪೂರ್ತಿ ಇಳಿಸಿ ಖಾರ ಅರ್ಧ ಇಟ್ಟರೆ ರಾಗಿ ಬೀಸುವ ಕಲ್ಲು. ಎಲ್ಲ ಏರಿಸಿದರೆ ಕಾದ ಎಣ್ಣೆಗೆ ಒಂದು ಹಿಡಿ ಸಾಸಿವೆ ಬಿದ್ದ ಹಾಗೆ. ಸೆಲ್ವಂ ಬಾರಿಸುವುದು, ಅಣ್ಣ ಹೆಬ್ಬೆರಳಿನಲ್ಲಿ ಸ್ವಿಚ್ಚು ಒತ್ತಿ ಕಣ್ಣು ಮುಚ್ಚಿ ಕೇಳುವುದು. ತಮ್ಮ ಹರಕು ತಮಿಳಿನಲ್ಲಿ ಹೇಳುವುದು, "ಕಾರಂ ಒರು ತುಳಿ ಕಮ್ಮಿ ಪಣ್ಣು." ತಮಿಳಿನಲ್ಲಿ ‘ತುಳಿ’ ಅಂದರೆ ಹನಿ, ಒಂಚೂರು. ಖಾರ ಒಂದು ಹನಿ ಕಮ್ಮಿ ಮಾಡು ಅಂತ. ಸೆಲ್ವಂ ಒಂಚೂರು ಇಳಿಸುತ್ತಿದ್ದ. "ಇನ್ನೊರು ತುಳಿ." ಇನ್ನೊಂಚೂರು. ಎರಡು ವಾರ ಆ ಅಂಗಡಿಯಲ್ಲಿ ಕೇಳಿದ್ದು ಈ ಒಂದು ಮಾತೇ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು.

ಆಯುಧಪೂಜೆ ಬಂತು. ಅಣ್ಣ ಮೀಟರು, ಕತ್ತರಿ, ಬೆಸುಗೆ ಕಡ್ಡಿಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟು, ಎಲ್ಲಕ್ಕೂ ಮುಂದೆ ಹಿತ್ತಾಳೆ ಡಬ್ಬಿ ಇಟ್ಟರು. ಅರಿಶಿನ, ಕುಂಕುಮ, ಸೇವಂತಿಗೆ. ಸೆಲ್ವಂ ಸ್ನಾನ ಮಾಡಿ ಬಂದು ತಾನೇ ಮಂಗಳಾರತಿ ಎತ್ತಿದ. ಡಬ್ಬಿಗೆ ಅಡ್ಡಬಿದ್ದ. ಅಲ್ಲೇ ಆಗಿದ್ದು ಎಡವಟ್ಟು.

ಭಾನುವಾರ ಸಂಜೆ ಫ್ಯಾಕ್ಟರಿಯ ಮೈದಾನ. ಎಣ್ಣೆ ಡ್ರಮ್ಮುಗಳ ಮೇಲೆ ಹಲಗೆ ಹಾಕಿದ ಸ್ಟೇಜು. ನಾನು ಅತ್ತೆಯ ಜೊತೆ ಜಮಖಾನದ ಮೇಲೆ ಮುಂದೆಯೇ ಕೂತಿದ್ದೆ. ಅಣ್ಣ ಸ್ಟೇಜಿನ ಪಕ್ಕದಲ್ಲಿ ವೈರುಗಳ ಹತ್ತಿರ, ಯಾರಿಗೂ ಕಾಣದ ಹಾಗೆ. ಡಬ್ಬಿ ಸೆಲ್ವಂನ ಕಾಲಬಳಿ. ಮುಚ್ಚಳದ ಮೇಲೆ ಕುಂಕುಮ ಇನ್ನೂ ಅಳಿಸಿರಲಿಲ್ಲ.

ಮೊದಲ ಹಾಡಿನಲ್ಲಿ ಗಿಟಾರಿನ ಪಾಲು ಬಂತು. ಸೆಲ್ವಂ ಎಡಗಾಲು ಎತ್ತಿದ. ಇಳಿಸಿದ. ಮತ್ತೆ ಎತ್ತಿದ. ಆಗ ನನಗೆ ಹೊಳೆಯಿತು. ಅಂಗಡಿಯಲ್ಲಿ ಡಬ್ಬಿ ಯಾವಾಗಲೂ ಮೇಜಿನ ಮೇಲಿತ್ತು, ಒತ್ತಿದ್ದು ಬರೀ ಹೆಬ್ಬೆರಳು. ಮಂಗಳಾರತಿ ಎತ್ತಿದ ಡಬ್ಬಿಯ ಮೇಲೆ ಈಗ ಕಾಲು ಹೇಗೆ ಇಡುತ್ತಾನೆ? ಅವನು ಗಿಟಾರು ಬಿಟ್ಟು ಬಗ್ಗಿ ಬೆರಳಿನಲ್ಲಿ ಒತ್ತುವಷ್ಟರಲ್ಲಿ ಅವನ ಪಾಲು ಮುಗಿದೇಹೋಗಿತ್ತು. ಮಾಸ್ಟರು ಅಕಾರ್ಡಿಯನ್ನಿನಲ್ಲೇ ಜಾಗ ತುಂಬಿಸಿ ಅವನನ್ನು ದುರುಗುಟ್ಟಿ ನೋಡಿದರು.

ಎರಡನೆಯ ಹಾಡು. ಒತ್ತಿದ ಸ್ವಿಚ್ಚನ್ನು ಅವನು ಮತ್ತೆ ಬೆರಳಿನಲ್ಲೇ ಒತ್ತಿ ಆರಿಸಿಟ್ಟಿದ್ದ. ಮತ್ತೆ ಕಾಲು ಎತ್ತುವುದು, ಇಳಿಸುವುದು. ಪಕ್ಕದಿಂದ ಅಣ್ಣನ ಗಂಟಲು ಕೇಳಿಸಿತು. ಗಾಬರಿಯಲ್ಲಿ ತಮಿಳು ಮರೆತಿತ್ತು.

"ತುಳಿ ಕಣ್ಲಾ, ತುಳಿ."

ಸೆಲ್ವಂ ಚಟ್ಟನೆ ಬಗ್ಗಿ ಖಾರದ ತಿರುಪು ಒಂಚೂರು ಇಳಿಸಿದ.

"ಲೇ, ತುಳೀಲಾ ಅಂದ್ರೆ."

ಇನ್ನೊಂಚೂರು ಇಳಿಸಿದ.

"ತುಳಿ, ತುಳಿ, ತುಳಿ."

ಖಾರ ಸಪ್ಪೆಯಾಗುವವರೆಗೂ ಇಳಿಸಿ, ವಿಧೇಯನಾಗಿ ಎದ್ದು ನಿಂತು, ಟಿಂಗ್ ಟಿಂಗ್ ಅಂತ ಬಾರಿಸಿದ. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡೆ. ಆದರೆ ಮಾಸ್ಟರು ಬೆರಳೆತ್ತಿ, ಇನ್ನು ಒಂದೇ ಹಾಡು, ಆಮೇಲೆ ನೀನು ಕೆಳಗೆ ಅಂತ ಸನ್ನೆ ಮಾಡಿದ್ದು ಕಂಡಾಗ ನಗು ಹೋಯಿತು. ಸೆಲ್ವಂನ ಮುಖ ನೋಡಲಾಗುತ್ತಿರಲಿಲ್ಲ.

ಅದೇ ಹೊತ್ತಿಗೆ ಅತ್ತೆ ನನ್ನ ತೊಡೆ ಚಿವುಟಿದರು. "ಅವನ ಕಾಲತ್ರ ಇರೋದು ನಮ್ ಡಬ್ಬಿ ಅಲ್ವೇನೇ?"

ನಾನು ಉತ್ತರ ಕೊಡಬೇಕಾಗಿ ಬರಲಿಲ್ಲ. ಮೂರನೆಯ ಹಾಡು ಶುರುವಾಗಿತ್ತು, ಅಣ್ಣ ಸ್ಟೇಜು ಹತ್ತುತ್ತಿದ್ದರು. ಬಿಳಿ ಪಂಚೆ, ಅರ್ಧ ತೋಳಿನ ಶರಟು, ಜೇಬಿನಲ್ಲಿ ಸ್ಕ್ರೂ ಡ್ರೈವರ್. ವೈರುಗಳ ಮೇಲೆ ಕೊಕ್ಕರೆಯ ಹಾಗೆ ಕಾಲೆತ್ತಿ ಎತ್ತಿ ಇಡುತ್ತ ನಡುವಿಗೆ ಬಂದರು. ಅಷ್ಟು ಜನರ ಮುಂದೆ ಬಗ್ಗಿ ಖಾರ ಪೂರ್ತಿ ತಿರುಗಿಸಿದರು. ಡಬ್ಬಿಗೆ ಕೈ ಮುಗಿದರು. ಗಿಟಾರಿನ ಪಾಲು ಬರುತ್ತಿದ್ದಂತೆ ಅವರ ಬರಿಗಾಲು ಕುಂಕುಮದ ಮೇಲೆ ಇಳಿಯಿತು. ಸೆಲ್ವಂನ ಮುಂದಿದ್ದ ಮೈಕಿನಲ್ಲಿ ಅವರ ಮಾತು ಇಡೀ ಮೈದಾನಕ್ಕೆ ಕೇಳಿತು.

"ಪಾಪ ನಂದು ಕಣ್ಲಾ. ನೀ ಬಾರ್ಸು."

ಸೆಲ್ವಂ ಬಾರಿಸಿದ. ಹೈವೇಯಲ್ಲಿ ಹತ್ತು ಲಾರಿ ಒಟ್ಟಿಗೆ ಗೇರು ಬದಲಿಸಿದ ಹಾಗೆ ಒಂದು ಶಬ್ದ ಹೊರಟು, ಅದರೊಳಗಿಂದಲೇ ಹಾಡಿನ ರಾಗ ಎದ್ದು ಬಂತು. ಹಿಂದೆ ಬೀಡಿ ಸೇದುತ್ತಿದ್ದವರು ಎದ್ದು ನಿಂತರು. ಮಾಸ್ಟರ ಕೈ ಅಕಾರ್ಡಿಯನ್ನಿನ ಮೇಲೆ ಹಾಗೇ ನಿಂತುಬಿಟ್ಟಿತು. ಅತ್ತೆ ಕಣ್ಣು ಪಿಳಿಪಿಳಿ ಮಾಡುತ್ತ ಪೂರ್ತಿ ಕೇಳಿಸಿಕೊಂಡು, ನನ್ನ ಕಡೆ ನೋಡದೆಯೇ ಹೇಳಿದರು, "ಕಲಾಯಿ ಚೆನ್ನಾಗೇ ಹಾಕವ್ನೆ ಬುಡು."

ಗಿಟಾರಿನ ಪಾಲು ಮುಗಿದಾಗ ಶಬ್ದ ನಿಲ್ಲಿಸಲು ಇನ್ನೊಂದು ಸಲ ತುಳಿಯಬೇಕಲ್ಲ. ಅಣ್ಣ ತುಳಿದರು. ಬಗ್ಗಿ ಡಬ್ಬಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಇಳಿದುಹೋಗೋಣ ಅನ್ನುವಷ್ಟರಲ್ಲಿ ಮುಂದಿನ ಹಾಡು. ಆವತ್ತು ಕೊನೆಯವರೆಗೂ ಅವರು ಕೆಳಗಿಳಿಯಲೇ ಇಲ್ಲ. ಪ್ರತಿ ಸಲ ತುಳಿಯುವುದು, ಪ್ರತಿ ಸಲ ಬಗ್ಗಿ ಕಣ್ಣಿಗೊತ್ತಿಕೊಳ್ಳುವುದು. ಅದೂ ಪ್ರೋಗ್ರಾಮಿನ ಒಂದು ಭಾಗವೇ ಅಂದುಕೊಂಡು ಜನ ಅವರು ಬಗ್ಗಿದಾಗಲೆಲ್ಲ ಚಪ್ಪಾಳೆ ಹೊಡೆದರು.

ಮುಗಿದ ಮೇಲೆ ಅಣ್ಣ ಸೆಲ್ವಂನನ್ನು ಹಿಡಿದುಕೊಂಡರು. "ಅಷ್ಟು ಬಡ್ಕೊಂಡೆನಲ್ಲೋ, ಯಾಕ್ಲಾ ತುಳೀಲಿಲ್ಲ?"

ಅವನು ಅಳುವ ಹಾಗೆ ನನ್ನ ಕಡೆ ನೋಡಿ ತಮಿಳಿನಲ್ಲಿ ಹೇಳಿದ, ಅಣ್ಣ ತುಳಿ ತುಳಿ ಅಂದರು, ನಾನೂ ಒಂದೊಂದೇ ತುಳಿ ಇಳಿಸುತ್ತಾ ಹೋದೆ, ಇನ್ನೇನು ಮಾಡಲಿ ಟೀಚರ್. ತಮಿಳಿನಲ್ಲಿ ಕಾಲಿಡು ಅನ್ನಲು ‘ಮಿದಿ’ ಅನ್ನಬೇಕು. ಅಣ್ಣ ಹಣೆ ಚಚ್ಚಿಕೊಂಡರು. ಆಮೇಲೆ ಮೂವರೂ ನಕ್ಕಿದ್ದೇ ನಕ್ಕಿದ್ದು.

ಮಾಸ್ಟರು ಸೆಲ್ವಂನನ್ನು ಬಿಡಲಿಲ್ಲ. ಆದರೆ ಸೆಲ್ವಂ ಡಬ್ಬಿಯ ಮೇಲೆ ಕಾಲಿಡಲಿಲ್ಲ. ಹಾಗಾಗಿ ಅಣ್ಣ ಆರ್ಕೆಸ್ಟ್ರಾದಲ್ಲಿ ಖಾಯಂ ಆದರು. ಪ್ರೋಗ್ರಾಮಿನ ಬೋರ್ಡಿನಲ್ಲಿ ಗಿಟಾರು, ಡ್ರಮ್ಮು, ಟ್ರಂಪೆಟ್ಟುಗಳ ಕೆಳಗೆ ‘ತುಳಿ’ ಎಂದು ಬರೆದು ಮುಂದೆ ಅವರ ಹೆಸರು. ಕೃಷ್ಣಗಿರಿಯಲ್ಲಿ ಅದನ್ನೇ ತಮಿಳಿನಲ್ಲಿ ಬರೆದು ಹಾಕಿದ್ದರಂತೆ. ಹನಿ ಅಂದರೆ ಜಲತರಂಗವೇ ಇರಬೇಕು ಅಂತ ಇಬ್ಬರು ಹಿರಿಯರು ಬೇಗ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರಂತೆ, ಬಟ್ಟಲು ಎಲ್ಲಿ ಅಂತ ಹುಡುಕುತ್ತ. ಬಟ್ಟಲು ನಮ್ಮ ಮನೆಯ ಅಕ್ಕಿಯಲ್ಲಿದ್ದವು.

ರಾಯಕೋಟೆ, ಸೂಳಗಿರಿ ಎಲ್ಲ ಕಡೆ ಡಬ್ಬಿ ತಿರುಗಿತು. ಬೆಂಗಳೂರಿನ ಒಬ್ಬ ಗಿಟಾರಿನವನು ಹುಡುಕಿಕೊಂಡು ಬಂದು ತನಗೂ ಒಂದು ಮಾಡಿಕೊಡಿ ಅಂದ. ಅಣ್ಣ ನನ್ನನ್ನು ತೋರಿಸಿ, "ಅದಕ್ಕೆ ಇನ್ನೊಬ್ರು ಟೀಚರಮ್ಮ ಬೇಕು, ಅವ್ರಿಗೆ ಒಬ್ರು ಅತ್ತೆ ಬೇಕು. ಎಲ್ಲಿಂದ ತರ್ಲಿ?" ಅಂದು ಕಳಿಸಿದರು. ಎರಡನೆಯದನ್ನು ಅವರು ಮಾಡಲೇ ಇಲ್ಲ. ಕೆಲವು ವರ್ಷದ ಮೇಲೆ ಆರ್ಕೆಸ್ಟ್ರಾ ನಿಂತಿತು, ಅಣ್ಣ ಮತ್ತೆ ಗೊರಗೊರ ಓಡಿಸುವ ಕೆಲಸಕ್ಕೆ ಕೂತರು.

ಒಂದು ಸಲ ಕೇಳಿದ್ದೆ. "ನಾಬ್ ಕಾಲಿಗೆ ತಾಕಿದ್ರೆ ನೂರು ಸಲ ಬಗ್ಗೋರು, ಆವತ್ತು ಅಷ್ಟು ಜನರ ಮುಂದೆ ಹೆಂಗೆ ತುಳಿದ್ರಿ ಅಣ್ಣ?"

ಬೆಸುಗೆ ಹಾಕುತ್ತಿದ್ದವರು ತಲೆ ಎತ್ತಲಿಲ್ಲ. "ಅವನ ಕಾಲು ಮೇಲಕ್ಕೂ ಹೋಗ್ತಿರ್ಲಿಲ್ಲ, ಕೆಳಕ್ಕೂ ಬರ್ತಿರ್ಲಿಲ್ಲ ಟೀಚರಮ್ಮ. ಅದ್ನ ಕಟ್ಟಾಕಿದ್ದು ನಾನು, ಪೂಜೆ ಮಾಡಿ. ಕಟ್ಟಿದೋನೇ ಅಲ್ವಾ ಬಿಚ್ಬೇಕು."

ಡಬ್ಬಿ ವಾಪಸ್ ಬಂದ ಮಾರನೆಯ ದಿನವೇ ಸೆಲ್ವಂಗೆ ಮೆಸೇಜು ಹಾಕಿದೆ. ಅವನು ಈಗ ರಿಟೈರಾಗಿ ಇದೇ ಊರಿನಲ್ಲಿ ಮನೆ ಕಟ್ಟಿಕೊಂಡಿದ್ದಾನೆ. ‘ತುಳಿ ಬಂದಿದೆ, ಬಾ’ ಅಂತ ಒತ್ತಿದ್ದು, ‘ತುಳಸಿ ಬಂದಿದೆ, ಬಾ’ ಅಂತ ಹೋಯಿತಂತೆ. ಯಾರೋ ನೆಂಟರ ಮಗು ಅಂದುಕೊಂಡು ಹೂವು ಹಣ್ಣು ಹಿಡಿದುಕೊಂಡೇ ಬಂದ. ಡಬ್ಬಿ ನೋಡಿ ಹೂವನ್ನು ಅದರ ಪಕ್ಕ ಇಟ್ಟ. ಆಮೇಲೆ ಮನೆಗೆ ಹೋಗಿ ಗಿಟಾರು, ಸಣ್ಣ ಸ್ಪೀಕರು ತಂದ.

ಹೊಸ ಬ್ಯಾಟರಿ ತರಿಸಿದ್ದೆ. ಮೊದಲು ನಾಲಿಗೆಗೆ ಇಟ್ಟು ನೋಡಿದೆ. ಖಾರ. ಮೊಮ್ಮಗಳು "ಅಜ್ಜಿ, ಏನ್ ಮಾಡ್ತಿದೀಯ" ಅಂತ ಓಡಿಬಂದಳು. ನನಗೆ ಉತ್ತರ ತೊದಲಿತು.

ಎಲ್ಲ ಜೋಡಿಸಿ ಡಬ್ಬಿಯನ್ನು ನೆಲದ ಮೇಲೆ ಇಟ್ಟೆವು. ನಾನು ಬರೆದ ಉಪ್ಪು ಅಳಿಸಿಹೋಗಿದೆ. ಹುಳಿ, ಖಾರ ಇವೆ. ಸೆಲ್ವಂ ಗಿಟಾರು ಹೆಗಲಿಗೆ ಹಾಕಿಕೊಂಡು ನಿಂತ.

"ತುಳಿಯಪ್ಪ," ಅಂದೆ.

ಈಗ ಅವನ ಕನ್ನಡ ನಮ್ಮ ಬೀದಿಯದೇ. "ಅಂಗಡಿಯಿಂದ ತಂದ ಪೆಡಲ್ಲು ಎಷ್ಟೋ ತುಳ್ದಿದ್ದೀನಿ ಟೀಚರ್. ಇದನ್ ಮಾತ್ರ ನನ್ ಕೈಲಾಗಾಕಿಲ್ಲ. ಅದು ಅಣ್ಣನ್ ಕೆಲ್ಸ."

ಅವನ ಎಡಗಾಲು ಆಗಲೇ ಸ್ವಲ್ಪ ಎದ್ದು, ಇಳಿದಿತ್ತು. ಈ ವಯಸ್ಸಿನಲ್ಲಿ ಬಗ್ಗಲು ನನಗೂ ಕಷ್ಟ. ಮೊಮ್ಮಗಳ ಭುಜ ಹಿಡಿದುಕೊಂಡು ಬಗ್ಗಿ, ಅತ್ತೆಯ ಡಬ್ಬಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಎದ್ದು ನಿಂತು, ಸೀರೆಯ ನೆರಿಗೆ ಎತ್ತಿ ಹಿಡಿದು ಬರಿಗಾಲು ಇಟ್ಟೆ. ಹಿತ್ತಾಳೆ ತಣ್ಣಗಿತ್ತು.

"ಪಾಪ ನಂದು ಕಣ್ಲಾ," ಅಂದೆ. "ನೀ ಬಾರ್ಸು."